ಸರ್ಜಾನ ಎಡಗೋಡು

ಮೊನ್ನೆ ಗೋಕಾಕದಲ್ಲಿ ಹಲ್ಲಿನ ಡಾಕ್ಟರ್ ಮುಂದೆ ಬಾಯಿ ತೆರೆದು ಕೂತಿದ್ದೆ. (ಬಾಯಿ ತೆರೆಯೋದು ನನಗೆ ಹೊಸದಲ್ಲ, ತೆರೆದು ಸುಮ್ಮನೆ ಕೂರೋದು ಹೊಸದು. ಹೊರಗೆ ಬೆಂಚಿನ ಮೇಲಿದ್ದ ನಮ್ಮ ಯಜಮಾನರಿಗೆ ಅದೇ ಖುಷಿ.)

ಮುರಿದ ಹಲ್ಲೊಂದು ನಾಲಿಗೆಯ ಅಂಚನ್ನು ತಿಂಗಳುಗಟ್ಟಲೆ ಕೆರೆಯುತ್ತಿತ್ತು. ಅಲ್ಲೊಂದು ಹುಣ್ಣು. ಜೇನುತುಪ್ಪ ಹಚ್ಚಿದೆ, ಖಾರ ಬಿಟ್ಟೆ. ಜಪ್ಪಯ್ಯ ಅಂದರೂ ಮಾಯಲಿಲ್ಲ.

"ಆಯಿ, ಈ ಹಲ್ಲು ಇವತ್ತ ತಗದಬಿಡೂಣ್ರಿ. ಹುಣ್ಣಿಂದು ಒಂದು ಚೂರು ಟೆಸ್ಟಿಗೆ ಕಳಸೂಣು" ಅಂದಳು ಡಾಕ್ಟರ್ ಹುಡುಗಿ.

"ಕ್ಯಾನ್ಸರ್ ಅಂತಿಯೇನವ್ವಾ?"

"ಹಂಗಂದಿಲ್ರಿ. ನೋಡೂದು ಚಲೋ."

ಆಮೇಲೆ ತಾಳ್ಮೆಯಿಂದ ಬಿಡಿಸಿ ಹೇಳಿದಳು. ಗಾಯವಾದರೆ ಅಲ್ಲಿನ ಜೀವಕೋಶಗಳು ಬೆಳೆದು, ಒಂದು ಎರಡಾಗಿ, ಎರಡು ನಾಲ್ಕಾಗಿ ಒಡೆದು ಜಾಗ ತುಂಬುತ್ತವೆ. ತುಂಬಿದ ಮೇಲೆ ನಿಲ್ಲುತ್ತವೆ. ಹರಿದ ಕೌದಿಗೆ ತೇಪೆ ಹಾಕೋ ಕೈ ತೂತು ಮುಚ್ಚಿದ ಮೇಲೆ ನಿಲ್ಲುವುದಿಲ್ಲವೇ, ಹಾಗೆ. ಆದರೆ ಒಂದೇ ಜಾಗ ದಿನಾ ಗಾಯವಾಗುತ್ತಿದ್ದರೆ? ಒಡೆಯುತ್ತಲೇ ಇರಬೇಕು. ಪ್ರತಿ ಸಲವೂ ಕೋಶದೊಳಗಿನ ಡಿಎನ್‌ಎ ಅನ್ನೋ ಬರಹದ ನಕಲು ಆಗಬೇಕು. ನಕಲಿನಲ್ಲಿ ತಪ್ಪು ಸೇರುತ್ತಾ ಹೋಗಿ, ಎಲ್ಲೋ ಒಂದು ಕೋಶಕ್ಕೆ 'ಸಾಕು' ಅನ್ನೋ ಮಾತೇ ಕೇಳಿಸದಂತಾದರೆ, ಮುಗೀತು. ಅದು ಬೆಳೀತಾನೇ ಹೋಗುತ್ತದೆ.

ಎಲ್ಲ ಅರ್ಥವಾಯಿತು. ಆದರೆ ಆ ಹಲ್ಲು ಇರೋದು ನಕ್ಕರೆ ಕಾಣೋ ಜಾಗದಲ್ಲಿ! ಮುಂದಿನ ವಾರ ಮೊಮ್ಮಗಳ ಮದುವೆ. ಫೋಟೋ, ವಿಡಿಯೋ, ಬೀಗರು.

"ಮದುವಿ ಮುಗೀಲಿ, ತಡಿಯವ್ವಾ" ಅಂದು ಕುರ್ಚಿಯಿಂದ ಎದ್ದೆ.

ಎದ್ದವಳು ಅಲ್ಲೇ ನಿಂತುಬಿಟ್ಟೆ. ಇದು ನಮ್ಮಪ್ಪನ ಮಾತಲ್ಲವೇ?

ಸ್ವಾತಂತ್ರ್ಯ ಬರೋದಕ್ಕೂ ಮೊದಲಿನ ಕಥೆ. ತುಕ್ಕಾನಟ್ಟಿಯ ನಮ್ಮ ಮನೆಯಲ್ಲಿ ಸರ್ಜಾ ಅಂತ ಒಂದು ಖಿಲಾರಿ ತಳಿಯ ಎತ್ತಿತ್ತು. ಸುಣ್ಣ ಬಳಿದ ಗೋಡೆಯಂಥ ಬಿಳುಪು, ಹಿಂದಕ್ಕೆ ಬಾಗಿದ ಉದ್ದನೆ ಕೋಡು. ಅಪ್ಪ ಅದಕ್ಕೆ ಮೈ ತಿಕ್ಕದೆ ತಾನು ಸ್ನಾನ ಮಾಡಿದವನಲ್ಲ. "ನನಗೂ ಎರಡು ಕೋಡು ಇದ್ದಿದ್ದರ ನಿಮ್ಮಪ್ಪ ಹೊಳ್ಳಿ ನೋಡ್ತಿದ್ದ ನೋಡು" ಅನ್ನುತ್ತಿದ್ದಳು ಅವ್ವ.

ಊರ ಅಗಸಿ ಬಾಗಿಲಿಗೆ ಕಟ್ಟಿದ ಕರಿ ತೋರಣ ಹರಿಯಲು ಸಿಂಗರಿಸಿದ ಎತ್ತುಗಳನ್ನು ಓಡಿಸುವ ಕಾರಹುಣ್ಣಿಮೆ ಹತ್ತಿರ ಬಂತೆಂದರೆ ಹತ್ತರಗಿಯಿಂದ ಕೋಡು ಹೆರೆಯುವವನು ಬರುತ್ತಿದ್ದ. ಮೊದಲು ಉಳಿಯಿಂದ ಹೆರೆದು, ಗಾಜಿನ ಚೂರಿನಿಂದ ನುಣುಪು ಮಾಡಿ, ಎಣ್ಣೆ ತಿಕ್ಕುತ್ತಿದ್ದ. ಆಮೇಲೆ ಕೆಂಪು ಹುರಮಂಜದ ಬಣ್ಣ, ತುದಿಗೆ ಹಿತ್ತಾಳೆಯ ಕೋಡಣಸು. ಆ ಗಾಜಿನ ಕರಕರ ಸದ್ದು, ಅಂಗಳದ ತುಂಬಾ ಎಣ್ಣೆ ವಾಸನೆ, ನಡುವೆ ಮದುಮಗನಂತೆ ನಿಂತ ಸರ್ಜಾ. ಆ ಅಂಗಳದಲ್ಲಿ ಇನ್ನೊಮ್ಮೆ ಕೂರೋಕೆ ಸಿಕ್ಕರೆ ನಾನು ಏನು ಬೇಕಾದರೂ ಕೊಟ್ಟೇನು ರೀ.

"ಇನ್ನೊಂದೀಟು ತೆಳ್ಳಗ ಆಗ್ಲೋ" ಅಪ್ಪ ಪ್ರತಿ ವರ್ಷವೂ ಅನ್ನುತ್ತಿದ್ದ.

ಒಂದು ಬೇಸಿಗೆ ಸರ್ಜಾ ತಲೆ ಕೊಡವಲು ಶುರುಮಾಡಿತು. ಎಡಗೋಡನ್ನು ಗೂಟಕ್ಕೆ ಉಜ್ಜುತ್ತಿತ್ತು. ಎಡ ಮೂಗಿನಲ್ಲಿ ನೆತ್ತರು ಬೆರೆತ ಸಿಂಬಳ. ಗೋಕಾಕದಿಂದ ದನದ ಡಾಕ್ಟರ್ ಬಂದರು. ಕೋಡಿನ ಬುಡ ತಟ್ಟಿ ನೋಡಿದರು.

"ಕೋಡಿನೊಳಗ ಮಾಂಸ ಬೆಳ್ಯಾಕತ್ತೈತ್ರಿ. ಈಗ ಬುಡದಾಗ ಕೊಯ್ದು ತಗದ್ರ ಎತ್ತು ಉಳದೀತು."

"ಕೋಡು ಕೊಯ್ಯೂದ? ಮತ್ತ ಕರಿ ಹರ್ಯಾಕ ಹ್ಯಾಂಗ ನಿಲ್ಲಸ್ಲಿ? ಊರ ಮಂದಿ ನಗೂದಿಲ್ಲೇನ್ರಿ? ಕಾರಹುಣ್ಣಿವಿ ಮುಗೀಲಿ, ತಡೀರಿ" ಅಂದ ಅಪ್ಪ.

ಸರ್ಜಾ ಆ ವರ್ಷ ಹುರಮಂಜ ಬಳಿಸಿಕೊಂಡು ಅಗಸಿಯಲ್ಲಿ ನಿಂತಿತು. ಓಡಲಿಲ್ಲ. ಹಬ್ಬ ಮುಗಿದ ಮೇಲೆ ಕೋಡು ತಾನಾಗಿಯೇ ಸಡಿಲಾಗಿ ಕಿವಿಯ ಮೇಲೆ ಜೋತುಬಿತ್ತು. ಒಳಗೆ ಹೂಕೋಸಿನಂತೆ ಮಾಂಸ. ಮತ್ತೆ ಬಂದ ಡಾಕ್ಟರ್, "ತಲಿಗೆ ಇಳದೈತ್ರಿ" ಅಂದು ಕೈ ತೊಳೆದುಕೊಂಡರು.

(ವರ್ಷವರ್ಷವೂ ಹೆರೆದು ಹೆರೆದು ಒಳಗಿನ ಜೀವಕ್ಕೆ ಗಾಸಿಯಾಗಿ ಹೀಗೆ ಕೋಡಿಗೆ ಕ್ಯಾನ್ಸರ್ ಆಗಬಹುದಂತೆ. ಅದೊಂದೇ ಕಾರಣ ಅಂತ ಯಾರೂ ಆಣೆ ಮಾಡಿ ಹೇಳೋದಿಲ್ಲ. ಅಪ್ಪನಿಗೆ ಇದು ಗೊತ್ತಾಗಲೇ ಇಲ್ಲ, ಅದೇ ಒಳ್ಳೆಯದಾಯಿತು.)

ಹೊಲದ ಬದುವಿನಲ್ಲಿ ಸರ್ಜಾನನ್ನು ಮಣ್ಣು ಮಾಡಿ ಬಂದ ಅಪ್ಪ, ಕೋಡಣಸನ್ನು ಕೈಯಲ್ಲಿ ಹಿಡಿದುಕೊಂಡೇ ಕಟ್ಟೆಯ ಮೇಲೆ ಕೂತ. ಅವ್ವನನ್ನು ಕೇಳಿದ: "ಒಂದ ಕೋಡಿನ ಎತ್ತು ಮನ್ಯಾಗ ಇದ್ದಿದ್ರ ಏನಾಗ್ತಿತ್ತ?"

ಅವ್ವ ಅವನ ಪಕ್ಕ ಹೋಗಿ ಕೂತಳು.

ನಾನೂ ಮತ್ತೆ ಕುರ್ಚಿಯಲ್ಲಿ ಕೂತೆ. "ತಗಿಯವ್ವಾ" ಅಂದು ಬಾಯಿ ತೆರೆದೆ.

ರಿಪೋರ್ಟ್ ಇನ್ನೂ ಬಂದಿಲ್ಲ. ಭಯ ಇದೆ, ಸುಳ್ಳು ಯಾಕೆ ಹೇಳಲಿ? ನನ್ನ ಮಗರಾಯ ಮಾತ್ರ, ಅಜ್ಜಿ ನಗದೇ ಇದ್ದಾಗ ಫೋಟೋ ತೆಗೀರಿ ಅಂತ ಫೋಟೋಗ್ರಾಫರ್‌ಗೆ ಫೋನ್ ಮಾಡಿ ಹೇಳಿದ್ದಾನಂತೆ. ನಾನಂತೂ ನಗುವವಳೇ.

ಒಂದು ಹಲ್ಲಿಲ್ಲದ ಅಜ್ಜಿ ಮನೆಯಲ್ಲಿ ಇದ್ದರೆ ಏನಾಗುತ್ತೆ ರೀ?