ಅಕ್ಕಾರು ಬರೆದ ಅಂಚು

ಮೊನ್ನೆ ಖಂಡೆ ಪೂಜೆಯ, ಅಂದರೆ ಆಯುಧಪೂಜೆಯ, ಮರುದಿನ ಆಫೀಸಿನ ಬಾಗಿಲು ತೆರೆದರೆ ಕರ್ಪೂರದ ವಾಸನೆ ಇನ್ನೂ ಹೋಗಿರಲಿಲ್ಲ. ಕಂಪ್ಯೂಟರಿನ ಮೇಲೆ ಕುಂಕುಮ, ಬಾಡಿದ ಚೆಂಡುಹೂ. ಆ ವಾಸನೆ ಬಂದರೆ ನನಗೆ ಈಗಲೂ ಸಿಟ್ಟು ನೆತ್ತಿಗೇರುತ್ತದೆ. ದೇವರ ಮೇಲಲ್ಲ... ನಮ್ಮ ಹಳೆಯ ಮ್ಯಾನೇಜರ ಮೇಲೆ.

ಆಗ ನಾನು ಬೆಟಗೇರಿಯಲ್ಲಿ ಕೈಮಗ್ಗದ ಸೀರೆ ನೇಯಿಸುವ ಆಫೀಸಿನಲ್ಲಿದ್ದೆ. ಸೀರೆಯಂಚಿನ ಚಿತ್ರಗಳನ್ನು ಬರೆಯುತ್ತಿದ್ದವರು ಒಬ್ಬ ಹೆಂಗಸು, ನಮಗೆಲ್ಲ ಅಕ್ಕಾರು. ನೇಕಾರರ ಮನೆಯ ಮಗಳು. ಮಾತು ಕಡಿಮೆ, ಆದರೆ ಚಹಾವನ್ನು ಬಸಿಗೆ ಸುರಿದುಕೊಂಡು ಊರಿಗೆಲ್ಲ ಕೇಳುವಂತೆ ಹೀರುವರು. ಚಿತ್ರಗಳೆಲ್ಲ ಒಳಕೋಣೆಯ ದೊಡ್ಡ ಕಂಪ್ಯೂಟರಿನಲ್ಲಿರುತ್ತಿದ್ದವು, ಅವುಗಳ ಪ್ರತಿ ಅಕ್ಕಾರ ಲ್ಯಾಪ್‌ಟಾಪಿನಲ್ಲಿ. ಹೊರಗೆ ಕೂತು ಬರೆದು ತಂದು ಆಫೀಸಿನ ವೈರು ಹಚ್ಚಿದರೆ ಎರಡೂ ತಾವಾಗಿಯೇ ಹೊಂದಿಕೊಳ್ಳಬೇಕು.

ಆ ವರ್ಷ ಇದೇ ಹಬ್ಬಕ್ಕೆ ಅಕ್ಕಾರು ಲಕ್ಷ್ಮೇಶ್ವರಕ್ಕೆ ಹೋದರು. ಅಣ್ಣನ ಮನೆಯಲ್ಲಿ ಅವರ ಅಪ್ಪ ಹಾಸಿಗೆ ಹಿಡಿದಿದ್ದರು. ಹರೆಯದಲ್ಲಿ ತಾವು ನೇಯುತ್ತಿದ್ದ ಒಂದು ಅಂಚು ಆ ಮುದುಕರ ತಲೆಯಲ್ಲಿ ಮಾತ್ರ ಉಳಿದಿತ್ತು. ಆ ಸೀರೆ ಈಗ ಯಾರ ಪೆಟ್ಟಿಗೆಯಲ್ಲೂ ಇರಲಿಲ್ಲ. ಲ್ಯಾಪ್‌ಟಾಪಿನಲ್ಲಿ ಅರ್ಧಕ್ಕೆ ನಿಂತಿದ್ದ ಅದರ ಚಿತ್ರವನ್ನು ಅಪ್ಪ ಎಳೆ ಎಳೆಯಾಗಿ ಹೇಳಿದರು, ಮಗಳು ಬರೆದು ಮುಗಿಸಿದರು. ಅದಾದ ಸ್ವಲ್ಪದರಲ್ಲೇ ಅಪ್ಪನಿಗೆ ಲಕ್ವಾ ಹೊಡೆದು ಮಾತು ಬಿದ್ದುಹೋಯಿತು.

ಇತ್ತ ನಮ್ಮ ಮ್ಯಾನೇಜರು, ಪೂಜೆಗೆ ಮುಂಚೆ ದೊಡ್ಡ ಕಂಪ್ಯೂಟರಿನ ಒಂದೊಂದು ಚಿತ್ರವನ್ನೂ ತೆರೆದು ತಲೆಯ ಮೇಲೆ ‘ಶ್ರೀ’ ಬರೆಸಿದ್ದರು. ಆರತಿ ಎತ್ತಿ, ಕಂಪ್ಯೂಟರು ಬಂದ್ ಮಾಡಿ ಮನೆಗೆ ಹೋಗಿದ್ದರು.

ಅಕ್ಕಾರು ಬಂದು ವೈರು ಹಚ್ಚಿದರು. ಅಲ್ಲೂ ತಿದ್ದಿದೆ, ಇಲ್ಲೂ ತಿದ್ದಿದೆ, ಯಾವುದನ್ನು ಇಡಲಿ ಎಂದು ಪರದೆ ಕೇಳಿತು.

“ಒಂದೀಟು ನಿಲ್ರಿ ಸರ್, ತಿಳದವ್ರನ್ನ ಕೇಳೂಣು” ಎಂದರು ಅಕ್ಕಾರು.

“ಕೇಳೂದೇನೈತಿ? ಪೂಜಿ ಆದದ್ದ ಖರೆ!” ಎಂದವರೇ ಮ್ಯಾನೇಜರು ಬಗ್ಗಿ, ದೊಡ್ಡ ಕಂಪ್ಯೂಟರಿನದೇ ಇರಲಿ ಎಂದು ಗುಂಡಿ ಒತ್ತಿಬಿಟ್ಟರು.

ಅಕ್ಕಾರು ಚಿತ್ರ ತೆರೆದರು. ಅದೇ ಅರ್ಧ ಅಂಚು, ಮೇಲೆ ದೊಡ್ಡದೊಂದು ‘ಶ್ರೀ’.

“ಇದನ್ನ ಹೇಳಿದವ್ರಿಗೆ ಈಗ ಮಾತ ಬರೂದಿಲ್ರಿ ಸರ್...”

“ಖಂಡೇ ಪೂಜಿ ದಿನ ಮಷೀನ್ ಮುಟ್ಟು ಅಂದವ್ರ್ಯಾರು ನಿಮಗ?”

ಹೇಗಿದೆ ನೋಡಿ! ಒತ್ತಿದ್ದು ಇವರು, ತಪ್ಪು ಅವರದು. ನಾವೆಲ್ಲ ನಮ್ಮ ನಮ್ಮ ಕಡತಕ್ಕೆ ತಿರುಗಿದೆವು.

ಗದಗಿನಿಂದ ಕಂಪ್ಯೂಟರ್ ರಿಪೇರಿಯವನು ಬಂದ. ಲ್ಯಾಪ್‌ಟಾಪು, ಒಳಕೋಣೆ, ಎಲ್ಲ ಕಡೆ ಜಾಲಾಡಿದ. “ಅದರ ಮ್ಯಾಲೆ ಬರದುಬಿಟ್ಟೈತ್ರಿ, ಇನ್ನ ಸಿಗೂದಿಲ್ಲ. ಎರಡೂ ಇರಲಿ ಅನ್ನೂದು ಮೂರನೇ ಸಾಲಿನ್ಯಾಗ ಇತ್ತಲ್ರಿ...” ಎಂದ. ಮ್ಯಾನೇಜರು ಅವನಿಗೆ ಚಹಾ ತರಿಸಿದರು. ಅಕ್ಕಾರಿಗೆ ‘ತಪ್ಪಾಯಿತು’ ಎಂಬ ಒಂದು ಮಾತೂ ಇಲ್ಲ.

ಆಮೇಲೆ ಅಕ್ಕಾರು ನೆನಪಿದ್ದಷ್ಟು ಬರೆದು, ಕಾಗದಕ್ಕೆ ಇಳಿಸಿಕೊಂಡು, ರಜೆ ಸಿಕ್ಕಾಗಲೆಲ್ಲ ಲಕ್ಷ್ಮೇಶ್ವರದ ಬಸ್ಸು ಹತ್ತುತ್ತಿದ್ದರು. ಅಪ್ಪ ನೋಡುವರು, ಇದಲ್ಲ ಎಂದು ತಲೆಯಾಡಿಸುವರು. ಅಪ್ಪ ತೀರಿಕೊಂಡ ಮೇಲೆ ಅಕ್ಕಾರು ಕೆಲಸ ಬಿಟ್ಟರು. ಈಗ ಅವರೂ ಇಲ್ಲವಂತೆ... ಖಬರು ನನಗೆ ತಡವಾಗಿ ಮುಟ್ಟಿತು.

ಮೊನ್ನೆ ನನ್ನ ಪರದೆಯೂ ಅದೇ ಪ್ರಶ್ನೆ ಕೇಳಿತು. “ಯಾವ್ದರೆ ಒಂದು ಒತ್ರಿ, ಜಲ್ದಿ ಮುಗೀತೈತಿ” ಎಂದು ಪಕ್ಕದ ಟೇಬಲಿನವನು ಕೈ ಚಾಚಿದ.

“ಕೈ ತಗೀಲೇ!” ಎಂದು ಕೂಗಿಬಿಟ್ಟೆ. ಎಲ್ಲರೂ ತಿರುಗಿ ನೋಡಿದರು. ಮೂರನೇ ಸಾಲನ್ನು ಓದಿ, ಮತ್ತೊಮ್ಮೆ ಓದಿ, ಒತ್ತಿದೆ. ಎರಡೂ ಉಳಿದವು.

ಉಳಿದದ್ದಾದರೂ ಏನು? ಬರುವ ವರ್ಷದ ರಜೆಗಳ ಪಟ್ಟಿ.