ಬೆಳ್ಳಿಯ ಕಾಲು ತೊಳೆದವಳು

ಅಣ್ಣ, ನಮ್ಮ ಕುದುರೆ ಬೆಳ್ಳಿಯ ಕಾಲು ಕೊಳೆತದ್ದು ನೀನು ಬಿಟ್ಟ ಕೆಸರಿನಿಂದಲ್ಲ, ನಾನು ಸುರಿದ ನೀರಿನಿಂದ. ಅದು ನನಗೆ ಅವತ್ತೇ ಗೊತ್ತಿತ್ತು. ಗೊತ್ತಿದ್ದೂ ಮಾವನ ಮುಂದೆ ನಿನ್ನ ಹೆಸರು ಹೇಳಿದೆ. ಒಂಬತ್ತು ವರ್ಷ ಇದನ್ನು ಹೊಟ್ಟೆಯಲ್ಲಿಟ್ಟುಕೊಂಡು ಉಂಡೆ, ಮಲಗಿದೆ, ನಿನ್ನ ಮನೆಗೆ ಬಂದು ನೀನು ಕೊಟ್ಟ ಕಾಫಿಯನ್ನೂ ಕುಡಿದೆ — ಥೂ, ನನ್ನ ಜನ್ಮಕ್ಕಿಷ್ಟು.

ಏರ್ಕಾಡಿನ ಕೆರೆಯ ಹತ್ತಿರ ಸೋದರಮಾವನ ಮೂರು ಕುದುರೆಗಳನ್ನು ನಾವಿಬ್ಬರೇ ನೋಡಿಕೊಳ್ಳುತ್ತಿದ್ದೆವು. ಪ್ರವಾಸಿಗರನ್ನು ಕೂರಿಸಿ ಸುತ್ತಿಸುವ ಹಗಲಿನ ಸವಾರಿ ನನ್ನದು, ಸಂಜೆಯದು ನಿನ್ನದು. ಬೆಳ್ಳಿಯ ಮೈ ಕಂದು, ನಾಲ್ಕೂ ಕಾಲು ಮೊಣಕಾಲಿನವರೆಗೆ ಬಿಳಿ. ಆ ಬಿಳಿ ಕಾಲಿಗಾಗಿಯೇ ಜನ ಅವಳ ಪಕ್ಕ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದರು. ಕಾರ್ತಿಕದ ಮಳೆ ಹಿಡಿದು ಕೆರೆಯಂಚೆಲ್ಲ ಕೆಸರಾದರೆ ನನಗೆ ಜೀವ ತಡೆಯುತ್ತಿರಲಿಲ್ಲ. ಸೋಪು, ಬಕೆಟ್ ತುಂಬ ಬಿಸಿನೀರು — ದಿನಕ್ಕೆ ಎರಡು ಸಲ, ಒಮ್ಮೊಮ್ಮೆ ಮೂರು ಸಲ. ಒರೆಸುತ್ತಲೂ ಇರಲಿಲ್ಲ, ಒದ್ದೆ ಕಾಲಲ್ಲೇ ಕಟ್ಟುತ್ತಿದ್ದೆ. ನೀನೋ, ಕೆಸರು ಒಣಗಲಿ ಎಂದು ಬಿಟ್ಟು, ಬೆಳಿಗ್ಗೆ ತೆಂಗಿನ ನಾರಿನಿಂದ ಉಜ್ಜಿ ಉದುರಿಸುತ್ತಿದ್ದೆ. ಅದಕ್ಕೆ ನಿನ್ನನ್ನು ಸೋಮಾರಿ ಎಂದು ಎಲ್ಲರೆದುರು ಆಡಿಕೊಂಡೆ.

ಆ ವರ್ಷ ಬೆಳ್ಳಿಯ ಗೊರಸಿನ ಮೇಲೆ, ಹಿಂಬದಿಯ ಮಡಿಕೆಯಲ್ಲಿ, ಚರ್ಮ ಬಿರಿಯಿತು. ಗದ್ದೆಯಲ್ಲಿ ನಿಂತವರ ಬೆರಳ ಸಂದಿಗೆ ಕೆಸರುಹುಣ್ಣು ಆಗುತ್ತದಲ್ಲ, ಹಾಗೇ. ಹಕ್ಕಳೆ ಕಟ್ಟಿ ಅದರಡಿ ಕೀವು. ನೀನು ಹುರುಳಿ ತರಲು ಸೇಲಂಗೆ ಇಳಿದಿದ್ದ ಬೆಳಿಗ್ಗೆ ದನದ ಡಾಕ್ಟರು ಬಂದು ನೋಡಿ, ದಿನಾ ನೀರು ಹಾಕುತ್ತೀರಾ ಎಂದು ಕೇಳಿದರು. ಹೌದೆಂದೆ. ತಮಿಳಿನಲ್ಲಿ ಬಿಡಿಸಿ ಹೇಳಿದರು — ನೀರಿಗೇ ಚರ್ಮ ಮೆತ್ತಗಾಗಿದೆ, ರೋಗ ಒಳಹೊಕ್ಕದ್ದು ಹಾಗೆ. ಕೆಸರನ್ನು ಒಣಗಲು ಬಿಟ್ಟು ಉದುರಿಸಬೇಕು. ಅಲ್ಲಿನ ಕೂದಲು ಕತ್ತರಿಸಿ, ಹಕ್ಕಳೆ ಕೀಳದೆ ಮುಲಾಮಿನಿಂದ ನೆನೆಸಿ ಬಿಡಿಸಿ, ಒಣ ಹುಲ್ಲಿನ ಮೇಲೆ ನಿಲ್ಲಿಸಿ. ನೀನು ಮಾಡುತ್ತಿದ್ದುದೇ ಸರಿ ಎಂದ ಹಾಗಾಯಿತು. ಉಳಿದೆರಡು ಕುದುರೆಗಳ ಕಾಲಿಗೆ ನಾನು ನೀರು ಮುಟ್ಟಿಸಿರಲಿಲ್ಲ, ಅವಕ್ಕೆ ಏನೂ ಆಗಿರಲಿಲ್ಲ.

ಮಧ್ಯಾಹ್ನ ಮಾವ ಬಂದು ಕುಂಟುವ ಬೆಳ್ಳಿಯನ್ನು ನೋಡಿ, ಇದು ಯಾರ ಕೆಲಸ ಎಂದರು. ಒಂದು ಗಳಿಗೆ ಸುಮ್ಮನಿದ್ದಿದ್ದರೂ ಸಾಕಿತ್ತು —

"ಅಣ್ಣ ಕಾಲು ತೊಳ್ಯಾಕಿಲ್ಲ ಮಾವ. ಕೆಸ್ರಲ್ಲೇ ಕಟ್ಟಾಕ್ತಾನೆ."

ನೀನು ಹುರುಳಿ ಮೂಟೆ ಹೊತ್ತು ಬಂದಾಗ ಮಾವ ಅದನ್ನು ಇಳಿಸಲೂ ಬಿಡಲಿಲ್ಲ. ಇನ್ನು ಕುದುರೆ ಮುಟ್ಟಬೇಡ ಎಂದರು. ನೀನು ನನ್ನ ಮುಖ ನೋಡಿದೆ. ನಾನು ಬಕೆಟ್ ಎತ್ತಿಕೊಂಡು ಒಳಗೆ ಹೋದೆ.

ಆಮೇಲಿನದನ್ನು ಬರೆಯಲು ಕೈ ಬರುತ್ತಿಲ್ಲ, ಆದರೂ ಬರೆಯಬೇಕು. ತೊಳೆಯದ್ದರಿಂದ ಆಯಿತು ಎಂದ ಮೇಲೆ ನಾನು ತೊಳೆಯುವುದನ್ನು ನಿಲ್ಲಿಸುವುದು ಹೇಗೆ? ಮಾವ ನಿಂತು ನೋಡುತ್ತಿದ್ದರು. ಡಾಕ್ಟರು ಬೇಡವೆಂದ ನೀರನ್ನೇ ಮತ್ತೆ ಮತ್ತೆ ಸುರಿದೆ, ಹಕ್ಕಳೆ ಉಜ್ಜಿ ಕಿತ್ತೆ. ಬೆಳ್ಳಿ ನಡುಗುತ್ತಾ ನಿಲ್ಲುತ್ತಿದ್ದಳು, ಒಂದು ಸಲವೂ ಒದೆಯಲಿಲ್ಲ. ಬಾವು ತೊಡೆಗೆ ಏರಿತು, ಜ್ವರ ಬಂತು, ಮೇವು ಬಿಟ್ಟಳು. ಹನ್ನೊಂದನೆಯ ದಿನ ಮಲಗಿದವಳು ಏಳಲಿಲ್ಲ.

ಗುಂಡಿ ತೋಡಲು ನೀನೇ ಬಂದೆ. ಮಣ್ಣಿನ ಕೈಯಲ್ಲಿ ನನ್ನ ಕೈ ಹಿಡಿದು, "ನಾ ತೊಳ್ದಿದ್ರೆ ಉಳ್ಕಂತಿದ್ಲು ಕಣವ್ವ. ತಪ್ಪಾಗೋಯ್ತು," ಅಂದೆ. ನೀನು, ನನ್ನಲ್ಲಿ, ಕ್ಷಮೆ ಕೇಳಿದೆ. ನಾನು — ಹೋಗಲಿ ಬಿಡು ಅಂದೆ. ದೊಡ್ಡ ಮನಸ್ಸು ಮಾಡಿದವಳ ಹಾಗೆ.

ಆಮೇಲೆ ನೀನು ಮೆಟ್ಟೂರಿಗೆ ಹೋಗಿ ಇಷ್ಟು ವರ್ಷ ಕಾವಲುಗಾರನಾಗಿ ಗೇಟು ಕಾದೆ. ಈ ವರ್ಷ ಹೇಗೋ ಒಂದು ಹೆಣ್ಣು ಕುದುರೆ ಕೊಂಡು ಅಣೆಕಟ್ಟಿನ ಹತ್ತಿರ ಸವಾರಿ ಶುರು ಮಾಡಿದ್ದೀ ಎಂದು ಕೇಳಿ ನಾನೆಷ್ಟು ಹಿಗ್ಗಿದ್ದೆ! ಮೊನ್ನೆ ನೀನೇ ಫೋನ್ ಮಾಡಿದೆ. ಬಿಡದ ಮಳೆ, ಅದರ ಕಾಲೂ ಬಿರಿದಿದೆ, ದಿನಕ್ಕೆ ಮೂರು ಸಲ ನಿನ್ನಂಗೇ ತೊಳೀತಿದೀನಿ ಅಂದೆ. ತೊಳೆಯಬೇಡ ಅಣ್ಣ, ಡಾಕ್ಟರು ಹಾಗೆ ಹೇಳುತ್ತಾರೆ ಎಂದು ಬಡಕೊಂಡೆ. ಯಾವ ಡಾಕ್ಟರು, ಯಾವಾಗ ಹೇಳಿದ್ದು — ಅದನ್ನು ಮಾತ್ರ ಆಗಲೂ ನುಂಗಿದೆ.

"ಒಂದ್ಸಲ ತೊಳೀದೆ ಕೊಂದಿವ್ನಿ," ಅಂದೆ ನೀನು. "ಇನ್ನೊಂದ್ಸಲ ಕೊಲ್ಲಾಕಿಲ್ಲ."

ನನ್ನ ಸುಳ್ಳನ್ನು ನೀನು ಇಷ್ಟು ನಿಯತ್ತಾಗಿ ಪಾಲಿಸುತ್ತೀ ಎಂದು ನಾನು ಎಣಿಸಿರಲಿಲ್ಲ. ಆ ಮೂಕಪ್ರಾಣಿ ಇವತ್ತೂ ನಿನ್ನ ಬಕೆಟ್ಟಿನ ಮುಂದೆ ನಡುಗುತ್ತಿರಬಹುದು. ಈ ನಿಜ ನಿನ್ನ ಕಿವಿಗೆ ಬೀಳದೆ ಯಾವ ಮುಲಾಮೂ ಅದನ್ನು ಉಳಿಸುವುದಿಲ್ಲ.

ಬಾಯಿಯಲ್ಲಿ ಹೇಳಹೋದರೆ ಮತ್ತೆ ಹೆದರಿ ಏನಾದರೂ ಸೇರಿಸಿಬಿಡುತ್ತೇನೆ, ಅದಕ್ಕೇ ಬರೆದಿದ್ದೇನೆ. ಮಾರಂಡಹಳ್ಳಿಯ ಅಜ್ಜಿ ನನಗೆ ಮಾತ್ರ ಕಲಿಸಿದ ಕನ್ನಡ ಅಕ್ಷರ ಇದು, ನಿನಗೆ ಓದಲು ಬಾರದು. ಇಲ್ಲಿಯವರೆಗಿನದನ್ನು ಬೆಳಿಗ್ಗೆ ಮಾವನಿಗೆ ಓದಿ ಹೇಳಿದೆ. ಕೇಳಿ ಮುಖ ತಿರುಗಿಸಿದರು. ಈಗ ಮೆಟ್ಟೂರು ಬಸ್ಸಿನಲ್ಲಿ ಕೂತು ಈ ಕೊನೆಯ ಸಾಲು ಬರೆಯುತ್ತಿದ್ದೇನೆ. ಒಂದಕ್ಷರ ಬಿಡದೆ ನಿನ್ನೆದುರು ಓದುತ್ತೇನೆ. ಆಮೇಲೆ ನೀನು ಬಾಗಿಲು ಹಾಕಿಕೊಂಡರೂ ಸರಿ, ಮೊದಲು ಆ ಬಕೆಟ್ ಕೆಳಗಿಡು, ಅಣ್ಣ. ಆ ತೆಂಗಿನ ನಾರು ಕೈಗೆ ತಗೋ.