ಅಕ್ಕನ ಭುಜಕ್ಕೆ ಒಗ್ಗಿದ ಬಂದೂಕು

ಹೋದ ವಾರ ಮಂಡ್ಯದ ನಮ್ಮ ಮನೆಯ ಮುಂಬಾಗಿಲಿಗೆ ಎಣ್ಣೆ ಹಚ್ಚಲು ಬಡಗಿಯೊಬ್ಬರು ಬಂದಿದ್ದರು. ಅಗಸೆ ಎಣ್ಣೆಯ ಡಬ್ಬಿ ತೆಗೆದು, ಹಳೆಯ ಪಂಚೆಯ ತುಂಡನ್ನು ಅದ್ದಿ ಮರದ ಮೇಲೆ ಎಳೆದರು. ಒಳಗೆ ಅವರೆಕಾಳು ಬಿಡಿಸುತ್ತ ಕೂತಿದ್ದ ನನ್ನ ಮೂಗಿಗೆ ಆ ವಾಸನೆ ಬಡಿಯಿತು. ಕೈ ಹಾಗೇ ನಿಂತಿತು. ಮಳವಳ್ಳಿ ಕಡೆಯ ಆ ಹಳ್ಳಿ, ಪಕ್ಕದ ಮನೆಯ ಜಗುಲಿ, ಬಂದೂಕಿನ ಮರವನ್ನು ಮಡಿಲಲ್ಲಿಟ್ಟುಕೊಂಡು ಕೂಸಿಗೆ ಎಣ್ಣೆ ತಿಕ್ಕುವ ಹಾಗೆ ತಿಕ್ಕುತ್ತಿದ್ದ ಅಕ್ಕ...

ಅಕ್ಕ ಎಂದರೆ ನನ್ನ ಒಡಹುಟ್ಟಿದವರಲ್ಲ. ಶಿವನಸಮುದ್ರದ ದಾರಿಯಲ್ಲಿರುವ ಹಳ್ಳಿಯೊಂದರ ಶಾಲೆಗೆ ನಾನು ಟೀಚರಾಗಿ ಹೋದಾಗ ಬಾಡಿಗೆಗೆ ಸಿಕ್ಕ ಮನೆಗೂ ಅವರ ಮನೆಗೂ ನಡುವೆ ಒಂದೇ ಗೋಡೆ. ನಾನು ಮಂಡ್ಯ ಪೇಟೆಯ ಅರ್ಚಕರ ಮನೆಯ ಹುಡುಗಿ, ಹಳ್ಳಿಯಲ್ಲಿ ಒಂದು ದಿನವೂ ಇದ್ದವಳಲ್ಲ. ಹೋದ ಹೊಸದರಲ್ಲೇ ಬಚ್ಚಲಲ್ಲಿ ಹಾವು ಕಂಡು ಕಿರುಚಿಕೊಂಡೆ. ಅವರು ಕೈಯಲ್ಲಿದ್ದ ಪೊರಕೆಯ ಸಮೇತ ಬಂದು ಬಗ್ಗಿ ನೋಡಿದರು. "ಕ್ಯಾರೆ ಆವು ಕಣವ್ವ. ನಿನಗಿಂತ ಅದೇ ಎದ್ರದೆ. ಇತ್ತಲ ಬಾಗ್ಲು ತಗ್ದು ದಾರಿ ಬುಡು, ಓಯ್ತದೆ" ಎಂದರು. ಬಾಗಿಲು ತೆಗೆದೆ. ಹೋಯಿತು. ಅವತ್ತಿನಿಂದ ಅವರು ನನಗೆ ಅಕ್ಕ.

ಅವರ ನಡುಮನೆಯಲ್ಲಿ, ದೇವರ ಪಟಗಳ ಎದುರು ಗೋಡೆಗೆ, ಒಂಟಿ ನಳಿಗೆಯ ಬಂದೂಕೊಂದು ತೂಗುತ್ತಿತ್ತು. ಬೆಳೆ ಕಾಯುವುದಕ್ಕೆಂದು ಅವರ ಯಜಮಾನರು ಪರವಾನಗಿ ಮಾಡಿಸಿ ತಂದಿದ್ದು. ಹೊಳೆಯಾಚೆಯ ಕಾಡಿನಿಂದ ಹಂದಿ ಬರುತ್ತಿದ್ದವು, ಕಬ್ಬು ಬಲಿಯುವ ಕಾಲಕ್ಕೆ ಆನೆಯೂ ಬರುತ್ತಿತ್ತು. ಆ ಬಂದೂಕು ಫಾರಿನ್ನಿನದು ಎಂಬುದು ಯಜಮಾನರ ಹೆಮ್ಮೆ. ನಳಿಗೆಯ ಮೇಲೆ ಇಂಗ್ಲಿಷಿನಲ್ಲಿ ಏನೋ ಕೆತ್ತಿತ್ತು. ಮನೆಗೆ ಬಂದವರಿಗೆಲ್ಲ ಅದನ್ನು ತೋರಿಸಿ, "ಓದಿ ನೋಡಿ ಟೀಚ್ರೇ, ಇಲ್ಲಿಂದಲ್ಲ ಇದು" ಎಂದು ನನಗೂ ಓದಿಸಿದ್ದರು. ಅವರು ಯಾವ ಪ್ರಾಣಿಯನ್ನೂ ಕೊಂದದ್ದು ನಾನು ಕೇಳಿಲ್ಲ. ಹೊಲದ ಬದುವಿನಲ್ಲಿ ನಿಂತು ಆಕಾಶಕ್ಕೊಂದು ಢಂ ಅನ್ನಿಸುವುದು, ಅಷ್ಟೇ.

ಒಂದು ಯುಗಾದಿ ಕಳೆದ ಮೇಲೆ ಯಜಮಾನರು ಪಂಪ್‌ಸೆಟ್ಟಿನ ಹತ್ತಿರ ಎದೆ ಹಿಡಿದುಕೊಂಡು ಕೂತವರು ಮತ್ತೆ ಏಳಲಿಲ್ಲ.

ಕಾರ್ಯವೆಲ್ಲ ಮುಗಿದ ಮೇಲೆ ಬಂದೂಕಿನ ಮಾತು ಬಂತು. ಪೊಲೀಸ್ ಠಾಣೆಗೆ ಒಪ್ಪಿಸಬೇಕು, ಇಲ್ಲವೇ ಮನೆಯವರೊಬ್ಬರ ಹೆಸರಿಗೆ ಮಾಡಿಸಿಕೊಳ್ಳಬೇಕು. ಇಬ್ಬರು ಹೆಣ್ಣುಮಕ್ಕಳೂ ಮದುವೆಯಾಗಿ ಹೋಗಿದ್ದರು. ಅಕ್ಕನ ಮೈದುನ ಜಗುಲಿಯಲ್ಲಿ ಕೂತು, ಅದು ತನಗೇ ಬರುವುದು ಎಂಬ ಧಾಟಿಯಲ್ಲಿ ಮಾತು ತೆಗೆದರು.

"ಎಂಗಸ್ರು ಬಂದೂಕ ಇಡ್ಕಂಡು ಏನ್ ಮಾಡ್ತೀರ ಅತ್ಗೆ? ನನ್ನೆಸ್ರಿಗ್ ಮಾಡ್ಸಿ. ನಿಮ್ಮೊಲನೂ ನಾನೇ ಕಾಯ್ತೀನಿ."

"ನಿನ್ನೊಲವ ನೀನು ಕಾಯಪ್ಪ" ಎಂದರು ಅಕ್ಕ. "ನನ್ನೊಲ ನಾನು ಕಾಯ್ತೀನಿ."

ಮೈದುನ ಪಂಚೆ ಕೊಡವಿಕೊಂಡು ಎದ್ದುಹೋದರು. ಅಲ್ಲಿಂದ ಎಷ್ಟೋ ದಿನ ಮಾತಿರಲಿಲ್ಲ.

ಮಂಡ್ಯದಲ್ಲಿ ಪೊಲೀಸರು ನಾಗರಿಕರಿಗೆ ಬಂದೂಕು ತರಬೇತಿ ಕೊಡುತ್ತಾರೆಂದು ತಿಳಿದು ಅಕ್ಕ ಪರವಾನಗಿಗೆ ಅರ್ಜಿ ಕೊಟ್ಟು ಅದಕ್ಕೂ ಸೇರಿದರು. ತರಬೇತಿ ಮುಗಿಯುವವರೆಗೆ ನಮ್ಮ ತವರುಮನೆಯಲ್ಲೇ ಇದ್ದರು. ನಮ್ಮ ಅಮ್ಮ ಮೊದಮೊದಲು ಅವರ ಕೈಯನ್ನೇ ಹೆದರಿಕೊಂಡು ನೋಡುತ್ತಿದ್ದಳು. ಆಮೇಲೆ ಇಬ್ಬರೂ ಕೂತು ಹಪ್ಪಳ ಒತ್ತಿದರು. ತರಬೇತಿಯಲ್ಲಿ ಕೊಟ್ಟ ಬಂದೂಕು ಹಗುರ, ಅದರಲ್ಲಿ ಅಕ್ಕನ ಗುರಿ ಚೆನ್ನಾಗಿಯೇ ಬಿತ್ತು. ಕಾಗದಪತ್ರವೆಲ್ಲ ಮುಗಿದು ಮನೆಯ ಬಂದೂಕು ಕೈಗೆ ಬಂದಾಗ ಮಾತ್ರ ಕಷ್ಟವಾಯಿತು. ಅದರ ಮರ ಆರಡಿ ಗಂಡಸಿನ ತೋಳಿಗೆ ಹೇಳಿಮಾಡಿಸಿದ್ದು. ಅಕ್ಕ ಕುಳ್ಳು. ಮರವನ್ನು ಭುಜಕ್ಕೆ ಆನಿಸಿದರೆ ಕುದುರೆಗೆ, ಅಂದರೆ ಟ್ರಿಗರಿಗೆ, ಬೆರಳು ಎಟುಕುತ್ತಿರಲಿಲ್ಲ. ಒಂದು ಸಲ ಹಾರಿಸಿದ್ದಕ್ಕೆ ಭುಜ ನೇರಳೆಹಣ್ಣಿನ ಬಣ್ಣಕ್ಕೆ ತಿರುಗಿ, ನಾನೇ ಅರಿಶಿನ ಬಿಸಿಮಾಡಿ ಹಚ್ಚಿದೆ.

ಒಂದು ಸೋಮವಾರ ಶಾಲೆಗೆ ರಜವಿತ್ತು. ಊರಿನ ಬಾಡಿಗೆ ವ್ಯಾನು ಮಾಡಿಕೊಂಡು ನಾವಿಬ್ಬರೂ ಮೈಸೂರಿಗೆ ಹೋದೆವು. ಅಲ್ಲಿ ಲೈಸೆನ್ಸಿರುವ ಬಂದೂಕು ರಿಪೇರಿಯ ಅಂಗಡಿ ಇತ್ತು. ಅಂಗಡಿಯವರು ವಯಸ್ಸಾದವರು, ಮೃದು ಮಾತಿನವರು. ಬಂದೂಕನ್ನು ತಿರುಗಿಸಿ ತಿರುಗಿಸಿ ನೋಡಿ, ಕೆತ್ತಿದ್ದ ಅಕ್ಷರದ ಮೇಲೆ ಬೆರಳಾಡಿಸಿ, ಸ್ವಲ್ಪ ಸಂಕೋಚದಿಂದಲೇ ಹೇಳಿದರು.

"ಅಮ್ಮಾ, ಇದು ಫಾರಿನ್ನಿಂದಲ್ಲ. ಫಾರಿನ್ದನ್ನ ನೋಡ್ಕೊಂಡು ಇಲ್ಲೇ ಮಾಡಿರೋ ಅಗ್ಗದ ಮಾಲು. ಹೆಸರಲ್ಲೂ ಒಂದಕ್ಷರ ಬೇರೆ ಇದೆ ನೋಡಿ."

ಯಜಮಾನರು ಓದಿಸಿದಾಗ ಆ ಒಂದಕ್ಷರ ನನ್ನ ಕಣ್ಣಿಗೂ ಬಿದ್ದಿರಲಿಲ್ಲ. ನಾನು ಅಕ್ಕನ ಮುಖ ನೋಡಿದೆ. ಅವರು ಸೆರಗು ಸರಿಮಾಡಿಕೊಂಡರು.

"ಗೊತ್ತು ಕಣಪ್ಪ. ಅಷ್ಟು ಕಮ್ಮಿಗೆ ಫಾರಿನ್ದು ಯಾರ್ ಕೊಟ್ಟಾರು? ಅವ್ರಿಗೆ ಗೊತ್ತಿರ್ನಿಲ್ಲ. ನಾನೂ ಯೋಳ್ನಿಲ್ಲ."

ಮರ ಹಿಡಿಕೆಯ ಹತ್ತಿರ ಸೀಳಿತ್ತು. ಯಜಮಾನರು ತಾಮ್ರದ ತಂತಿ ಸುತ್ತಿ ಕಾಲ ತಳ್ಳಿದ್ದರು. ಕತ್ತರಿಸಿ ಗಿಡ್ಡ ಮಾಡುವ ಹಾಗಿಲ್ಲ, ಪೂರ್ತಿ ಹೊಸ ಮರವೇ ಆಗಬೇಕು ಎಂದರು ಅಂಗಡಿಯವರು. ಹಳೆಯ ಮರವನ್ನು ಬಿಚ್ಚಿ ಮೇಜಿನ ಮೇಲಿಟ್ಟಾಗ, ಯಜಮಾನರು ಗುರಿ ಹಿಡಿಯುವಾಗ ಕೆನ್ನೆ ಒತ್ತುತ್ತಿದ್ದ ಕಡೆ ಅದು ಬೆವರು ಕುಡಿದು ಕಪ್ಪಗೆ ನುಣುಪಾಗಿದ್ದುದು ಕಾಣಿಸಿತು. ಅಕ್ಕ ಅದನ್ನು ಒಮ್ಮೆ ಸವರಿದರು. ಆಮೇಲೆ ತೋಳಿನ ಅಳತೆ ಕೊಡಲು ಸೆಟೆದು ನಿಂತರು. ಭುಜಕ್ಕೆ ತಾಗುವ ಕಡೆ ದಪ್ಪ ರಬ್ಬರಿನ ಮೆತ್ತೆ, ನಳಿಗೆಯ ತುದಿಯಲ್ಲಿ ಗುರಿ ಹಿಡಿಯಲು ಹೊಳೆಯುವ ಹೊಸ ಮಣಿ, ಸಡಿಲಾಗಿದ್ದ ಸ್ಪ್ರಿಂಗು... ಎಲ್ಲಕ್ಕೂ ತಲೆಯಾಡಿಸಿದರು.

ಕೊನೆಗೆ ಅಂಗಡಿಯವರು ಒಳಗಿನ ಒಂದು ಸಣ್ಣ ಪಿನ್ನನ್ನು ಹೊರತೆಗೆದು ತೋರಿಸಿದರು. ಕುದುರೆ ಎಳೆದಾಗ ಕಾಡತೂಸಿನ ಬುಡಕ್ಕೆ ಬಡಿಯುವ ಪಿನ್ನು ಅದು. ಮೊದಲಿನದು ಮುರಿದಾಗ ಯಜಮಾನರು ಗೆಜ್ಜಲಗೆರೆಯ ಲೇತ್ ಶೆಡ್ಡಿನಲ್ಲಿ ಪರಿಚಯದವರ ಕೈಯಲ್ಲಿ ಮಾಡಿಸಿ ಹಾಕಿದ್ದರೆಂದು ಅಕ್ಕ ಹೇಳಿದರು. "ಹಾಗೆಲ್ಲ ಮಾಡಿಸಬಾರದಿತ್ತು. ತುದಿ ಸವೆದಿದೆ. ಸಮಯಕ್ಕೆ ಕೈ ಕೊಡುತ್ತೆ, ಬದಲಾಯಿಸಿಬಿಡಿ" ಎಂದರು ಅಂಗಡಿಯವರು.

ಅಕ್ಕ ಮೊದಲ ಸಲ ತಲೆ ಅಡ್ಡಡ್ಡ ಆಡಿಸಿದರು. "ಅದೊಂದಿರ್ಲಿ ಬುಡಿ."

ಅಂಗಡಿಯವರು ಮತ್ತೆ ಮತ್ತೆ ಹೇಳಿದರು. ನಾನೂ ಹೇಳಿದೆ. "ಎಲ್ಲಾನೂ ತಗ್ದಾಕ್ಬುಟ್ರೆ ಅವ್ರುದ್ದು ಅಂತ ಏನುಳೀತದೆ ಟೀಚ್ರೇ?" ಎಂದು ಅಕ್ಕ ನನ್ನ ಕಡೆ ತಿರುಗಿದರು. ಎರಡು ವಾರದ ಮೇಲೆ ಬಂದೂಕು ಹೊಸ ಮರ ಹಾಕಿಸಿಕೊಂಡು ಮನೆಗೆ ಬಂತು. ಮರ ಹೊಸದು, ಕೆಲಕಾಲ ಅಗಸೆ ಎಣ್ಣೆ ತಿಕ್ಕುತ್ತಿರಬೇಕೆಂದು ಹೇಳಿಕಳಿಸಿದ್ದರು. ಸಂಜೆ ನಾನು ಶಾಲೆಯಿಂದ ಬರುವ ಹೊತ್ತಿಗೆ ಅಕ್ಕ ಜಗುಲಿಯಲ್ಲಿ ಆ ಕೆಲಸಕ್ಕೆ ಕೂತಿರುತ್ತಿದ್ದರು. ನಾನು ಪಕ್ಕದಲ್ಲಿ ಕೂತು ನೋಟ್ಸು ತಿದ್ದುತ್ತಿದ್ದೆ. ದಾರಿಯಲ್ಲಿ ಹೋಗುವ ಗಂಡಸರು, "ಏನಕ್ಕೋ, ಯುದ್ದುಕ್ಕೋಯ್ತೀಯಾ?" ಎಂದು ರೇಗಿಸುವರು. "ನಿನ್ ಮೇಲೇ ಕಣ್ಲಾ, ತಯಾರಾಗಿರು" ಎಂದು ಅಕ್ಕ ತಲೆಯೆತ್ತದೆ ಉತ್ತರ ಕೊಡುವರು.

ಕಬ್ಬು ಬಲಿತಿತ್ತು. ಒಂದು ಬೆಳಗ್ಗೆ, ಹಾಲಿನ ಕ್ಯಾನು ಹಿಡಿದು ಡೈರಿಗೆ ಹೋಗುವ ಹೊತ್ತಿನಲ್ಲಿ, ಮೈದುನನ ಹೊಲದ ಕಡೆಯಿಂದ ಕೂಗು ಕೇಳಿಸಿತು. ಅಕ್ಕ ಒಳಗೆ ಓಡಿ ಬಂದೂಕಿಗೆ ಕಾಡತೂಸು ತುಂಬಿಕೊಂಡು ಬಂದರು. ಯಾಕೆಂದು ತಿಳಿಯದೆ ನಾನೂ ಹಿಂದೆಯೇ ಓಡಿದೆ. ಕಾಲುವೆಯ ಏರಿ ಹತ್ತಿದರೆ ಎದುರಿಗೇ ಕಾಣಿಸಿತು. ಒಂಟಿ ಆನೆ. ಕಿವಿಯ ಮೇಲೆ ಕಬ್ಬಿನ ಗರಿ ಅಂಟಿಕೊಂಡಿತ್ತು. ಅದರ ಆಚೆ, ಪಂಪ್‌ಸೆಟ್ಟಿನ ಮನೆಯ ಗೋಡೆಗೆ ಬೆನ್ನು ಒತ್ತಿಕೊಂಡು ಮೈದುನ ನಿಂತಿದ್ದರು. ಬಾಗಿಲು ಅವರಿಂದ ನಾಲ್ಕು ಮಾರು ದೂರ. ಆನೆ ಸೊಂಡಿಲು ಸುತ್ತಿ ಅವರನ್ನೇ ನೋಡುತ್ತಿತ್ತು.

ಅಕ್ಕ ಬಂದೂಕನ್ನು ಭುಜಕ್ಕೇರಿಸಿ ನಳಿಗೆಯನ್ನು ಆಕಾಶಕ್ಕೆತ್ತಿದರು. ಹೊಸ ಮರ ಅವರ ಭುಜಕ್ಕೆ ಸರಿಯಾಗಿ ಕೂತಿತು. ಕುದುರೆ ಎಳೆದರು.

ಟಕ್. ಅಷ್ಟೇ.

ಮತ್ತೆ ಎಳೆದರು. ಮತ್ತೆ ಟಕ್.

ಆ ಸಣ್ಣ ಸದ್ದಿಗೆ ಆನೆ ನಮ್ಮ ಕಡೆ ತಿರುಗಿತು. ಮೈದುನ ಗೋಡೆಗುಂಟ ಸರಿದು, ಪಂಪ್‌ಸೆಟ್ಟಿನ ಮನೆಯೊಳಗೆ ನುಗ್ಗಿ ಬಾಗಿಲು ಹಾಕಿಕೊಂಡದ್ದು ಕಾಣಿಸಿತು. ನಾನು ಓಡಲು ಹಿಂದಕ್ಕೆ ತಿರುಗಿದೆ. "ಓಡ್ಬ್ಯಾಡ ಕಣವ್ವ, ನಿಂತ್ಕೊ" ಎಂದರು ಅಕ್ಕ, ತಿರುಗದೆಯೇ. ನಳಿಗೆಯನ್ನು ಆಕಾಶಕ್ಕೇ ಹಿಡಿದುಕೊಂಡು ಒಂದು ಹೆಜ್ಜೆ ಮುಂದೆ ಬಂದು ನನಗೂ ಆನೆಗೂ ನಡುವೆ ನಿಂತರು. ಆಮೇಲೆ, ಮನೆಗೆ ಬಂದ ನೆಂಟರಿಗೆ ಹೇಳುವ ಧ್ವನಿಯಲ್ಲಿ ಆನೆಯ ಜೊತೆ ಮಾತಾಡತೊಡಗಿದರು.

"ಓಗಪ್ಪ... ತಿಂದಾಯ್ತಲ್ಲ, ಓಗು. ಬೆಳ್ಕರಿದದೆ. ಜನ ಬತ್ತಾರೆ, ಪಟಾಕಿ ಸಿಡಿಸ್ತಾರೆ, ಸುಮ್ನೆ ಯಾಕೆ? ಒಳೆ ಅತ್ಲಾಗದೆ ನೋಡು. ಓಗು ನನ್ನಪ್ಪ..."

ಎಷ್ಟು ಹೊತ್ತು ಹಾಗೆ ನಿಂತಿದ್ದೆವೋ. ಆನೆ ಕಿವಿ ಬೀಸಿತು. ಕಾಲಲ್ಲಿ ಒಂದಿಷ್ಟು ಮಣ್ಣು ಕೆದರಿತು. ಆಮೇಲೆ ತನ್ನ ಪಾಡಿಗೆ ತಾನು ತಿರುಗಿ ಕಬ್ಬನ್ನು ಸೀಳಿಕೊಂಡು ಹೊಳೆಯ ದಿಕ್ಕಿಗೆ ಹೋಯಿತು. ಮಾತು ಕೇಳಿ ಹೋಯಿತೆಂದು ನಾನು ಹೇಳಲಾರೆ. ಹೋಯಿತು ಎಂಬುದಷ್ಟೇ ನಿಜ.

ಅಕ್ಕ ಏರಿಯ ಮೇಲೆ ಕುಸಿದು ಕೂತರು. ಗಂಡ ಹೋದ ದಿನವೂ ಜನರೆದುರು ಅಳದಿದ್ದವರು ಅವತ್ತು ಅತ್ತರು. ಮೈದುನ ಬಾಗಿಲು ತೆರೆದು ಬಂದು, ದೂರದಲ್ಲೇ ನಿಂತು, ತಲೆಯ ಟವಲ್ಲು ತೆಗೆದು ಕೈಯಲ್ಲಿ ಹಿಂಡಿದರು.

ಆ ವಾರವೇ ಪಿನ್ನು ಬದಲಾಯಿತು. ಅದಕ್ಕೆ ಅಕ್ಕನನ್ನು ಮೈಸೂರಿಗೆ ಕರೆದುಕೊಂಡು ಹೋದವರು ಮೈದುನ. ವಾಪಸು ಬಂದ ಸಂಜೆ ಅಕ್ಕ ನನಗೆ ಕಾಫಿ ಕೊಡುತ್ತ ಹೇಳಿದರು: "ಸತ್ತೋರ್ನ ಎದೇಲಿ ಇಟ್ಕೋಬೇಕು ಕಣವ್ವ. ಬಂದೂಕ್ನಲ್ಲಿಡ್ಬಾರ್ದು. ನಿನ್ನೂ ಸಾಯಿಸ್ಬುಡ್ತಿದ್ದೆ ನಾನು."

ಆಮೇಲೆ ನನಗೆ ಮದ್ದೂರಿನ ಕಡೆಗೆ ವರ್ಗವಾಯಿತು. ಹಬ್ಬಕ್ಕೊಮ್ಮೆ ಫೋನು, ವರ್ಷಕ್ಕೊಮ್ಮೆ ಹೋಗಿ ಬರುವುದು... ಮತ್ತೆಂದೂ ಬಂದೂಕು ಅವರಿಗೆ ಕೈ ಕೊಡಲಿಲ್ಲವಂತೆ. ಎರಡು ವರ್ಷದ ಹಿಂದೆ, ಸಂಕ್ರಾಂತಿಯ ಆಸುಪಾಸಿನಲ್ಲಿ, ಜ್ವರವೆಂದು ಮಲಗಿದ ಅಕ್ಕ ಮಳವಳ್ಳಿಯ ಆಸ್ಪತ್ರೆಯಿಂದ ಉಸಿರಿಲ್ಲದೆ ಮನೆಗೆ ಬಂದರು. ಸುದ್ದಿ ತಿಳಿದು ನಾನು ಹೋಗುವ ಹೊತ್ತಿಗೆ ಮಣ್ಣಾಗಿತ್ತು.

ಬಡಗಿ ಹೋದ ಮೇಲೆ ಮನಸ್ಸು ತಡೆಯಲಿಲ್ಲ. ಅಕ್ಕನ ಮೈದುನನಿಗೆ ಫೋನು ಮಾಡಿದೆ. ಈಗ ಅವರಿಗೂ ವಯಸ್ಸಾಗಿದೆ, ಧ್ವನಿ ಹಿಡಿಯುವುದಕ್ಕೆ ಹೊತ್ತಾಯಿತು. ಬಂದೂಕು ನಿಮ್ಮ ಹೆಸರಿಗಾಯಿತೇ ಎಂದು ಕೇಳಿದೆ.

"ಇಲ್ಲ ಟೀಚ್ರೇ. ಅತ್ಗೆ ಎಣ್ಮಕ್ಳು ಮಾಡ್ಸ್ಕೊಳಿ ಅಂದ್ರು. ಒಲ್ಲೆ ಅಂದು ಠಾಣೆಗೊಪ್ಪುಸ್ಬುಟ್ಟೆ. ಅದ್ರ ಮರ ಅತ್ಗೆ ತೋಳಿನ ಅಳ್ತೇಗೆ ಮಾಡಿದ್ದು, ನನಗೆಲ್ಲಿ ಒಗ್ತದೆ?"

ಆನೆ ಈಗಲೂ ಬರುತ್ತದೆಯೇ ಎಂದೆ.

"ಬತ್ತದೆ. ನಾವು ದೂರ್ದಲ್ಲಿ ನಿಂತು ಪಟಾಕಿ ಸಿಡಿಸ್ತೀವಿ, ತಮಟೆ ಬಡೀತೀವಿ" ಎಂದರು. ಆಮೇಲೆ ಧ್ವನಿ ತಗ್ಗಿತು. "ಎದ್ರುಗೋಗಿ ಮಾತಾಡ್ಸೋರು ಯಾರೂ ಇಲ್ಲ ಕಣ್ರವ್ವ."